ಉಪ್ಪು ತೊಳೆದು ಹೋಯಿತು, ಸುಣ್ಣ ಹೋಗಲಿಲ್ಲ: ಶಿಡ್ಲಘಟ್ಟದ ಒಂದು ತಾರಸಿ ತೋಟದ ಮಣ್ಣಿನ ಪ್ರಕರಣ

ಶಿಡ್ಲಘಟ್ಟದಲ್ಲಿರುವ ನಮ್ಮ ಚಿಕ್ಕಮ್ಮನ ಮನೆ ತಾರಸಿಯ ಮೇಲೆ 36 ಗ್ರೋ ಬ್ಯಾಗುಗಳಿವೆ. ಒಂದೊಂದೂ 15 ಲೀಟರಿನದು. ಹೋದ ವರ್ಷ ದಸರಾ ರಜದಲ್ಲಿ ಮನೆಯವರೆಲ್ಲ ಸೇರಿ ಅವಕ್ಕೆ ಮಣ್ಣು ಕಲಸಿದರು. ಅಂಗಡಿಯ ಮಣ್ಣು ಬೇಡ, ರಾಸಾಯನಿಕ ಗೊಬ್ಬರ ಒಂದು ಕಾಳೂ ಬೇಡ ಎನ್ನುವುದು ಚಿಕ್ಕಮ್ಮನ ಮಾತು. ದೀಪಾವಳಿಗೆ ಬೀಜ ಹಾಕಿದರು. ಸಂಕ್ರಾಂತಿ ಹೊತ್ತಿಗೆ ಗಿಡಗಳು ಹಳದಿಯಾಗತೊಡಗಿದವು. ಶಿವರಾತ್ರಿಗೆ ನಾನು ಹೋದಾಗ ಅರ್ಧದಷ್ಟು ಬ್ಯಾಗುಗಳಲ್ಲಿ ಬರೀ ಮಣ್ಣಿತ್ತು.

"ಊಟ ಸಾಲ್ತಿಲ್ಲ ಕಣಪ್ಪ ಇವಕ್ಕೆ" ಎಂದರು ಚಿಕ್ಕಮ್ಮ. ಹಾಗಂದುಕೊಂಡೇ ಅವರು ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ಗೊಬ್ಬರ ಹಾಕಿದ್ದರು. ಬೂದಿ ಉದುರಿಸಿದ್ದರು. ಮೊಟ್ಟೆ ಚಿಪ್ಪು ಪುಡಿ ಮಾಡಿ ಬುಡಕ್ಕೆ ಹಾಕಿದ್ದರು. ಹಾಕಿದಷ್ಟೂ ಗಿಡ ಸೊರಗಿತ್ತು. ಇಷ್ಟು ಕಷ್ಟಪಟ್ಟವರ ಮುಖ ನೋಡಿ ಬೇಜಾರಾಯಿತು. ಏನಾಗಿದೆ ಎಂದು ತಿಳಿಯದೆ ಇನ್ನೇನೂ ಹಾಕುವುದು ಬೇಡ ಎಂದು ಕೇಳಿಕೊಂಡೆ.

ಮಣ್ಣಿಗೆ ಏನೇನು ಬಿದ್ದಿತ್ತು

ಮೊದಲು ಕೂತು ಲೆಕ್ಕ ಬರೆದೆವು. ಕೆಮ್ಮಣ್ಣು 2 ಬಾಂಡ್ಲಿ, ರೇಷ್ಮೆ ಹುಳದ ಕಸದಿಂದ ಮಾಡಿದ ಗೊಬ್ಬರ 3 ಬಾಂಡ್ಲಿ, ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ) 2 ಬಾಂಡ್ಲಿ, ಬೂದಿ 1 ಬಾಂಡ್ಲಿ. ಇದರ ಮೇಲೆ ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ. ನೀರು ಬೋರ್‌ವೆಲ್ಲಿನದು.

ಇದರಲ್ಲಿ ಯಾವುದನ್ನೂ ಕೆಟ್ಟದ್ದು ಎನ್ನುವಂತಿಲ್ಲ. ಹುಳದ ಕಸವಂತೂ ನಮ್ಮ ಸೀಮೆಯ ಬಂಗಾರ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು, ಕಡ್ಡಿ, ಹಿಕ್ಕೆ ಎಲ್ಲ ಸೇರಿದ್ದು ಅದು. ಹಿಕ್ಕೆಯಲ್ಲಿ ಸಾರಜನಕ ಚೆನ್ನಾಗಿರುತ್ತದೆ. ಇನ್ನೊಂದು ಗುಣವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಹಿಪ್ಪುನೇರಳೆಗೆ ಕೀಟನಾಶಕ ಹೊಡೆದರೆ ಹುಳುವೇ ಸಾಯುತ್ತದೆ. ಹಾಗಾಗಿ ರೈತ ಆ ಸೊಪ್ಪನ್ನು ಮಗುವಿನ ಊಟದ ಹಾಗೆ ಕಾಪಾಡುತ್ತಾನೆ. ವಿಷದ ಭಯ ಇಷ್ಟು ಕಡಿಮೆ ಇರುವ ಕಸ ಸುಲಭಕ್ಕೆ ಸಿಗುವುದಿಲ್ಲ. ಇದು ನಮ್ಮ ಸೋದರಮಾವನ ಹುಳು ಮನೆಯಿಂದ ಬಂದದ್ದು.

ಬೂದಿ ಬಂದದ್ದು ನೂಲು ಬಿಚ್ಚುವ ಒಂದು ಘಟಕದಿಂದ. ಶಿಡ್ಲಘಟ್ಟ ರೇಷ್ಮೆ ಗೂಡಿನ ಮಾರುಕಟ್ಟೆಯ ಊರು. ಗೂಡು ಬೇಯಿಸಲು ಸೌದೆ ಉರಿಸುವ ಕಡೆ ಬೂದಿಗೆ ಬರವಿಲ್ಲ. ಕೇಳಿದರೆ ಚೀಲ ತುಂಬಿ ಕೊಡುತ್ತಾರೆ. ಕೊಕೊಪೀಟ್ ಅಂಗಡಿಯಿಂದ ತಂದ 5 ಕೆಜಿ ಇಟ್ಟಿಗೆಗಳು. ನೀರಲ್ಲಿ ನೆನೆಸಿ, ಉಬ್ಬಿದ ಮೇಲೆ ಹಾಗೇ ಮಣ್ಣಿಗೆ ಬೆರೆಸಿದ್ದರು.

ಕಣ್ಣಿಗೆ ಕಂಡದ್ದು

ಹಳದಿ ಎಂದ ತಕ್ಷಣ ಎಲ್ಲರ ಬಾಯಲ್ಲೂ ಸಾರಜನಕ ಬರುತ್ತದೆ, ಅಲ್ವಾ? ಆದರೆ ಯಾವ ಎಲೆ ಹಳದಿಯಾಗಿದೆ ಎನ್ನುವುದು ಮುಖ್ಯ. ಸಾರಜನಕ ಕಡಿಮೆಯಾದರೆ ಗಿಡ ಕೆಳಗಿನ ಹಳೆ ಎಲೆಗಳಿಂದ ಅದನ್ನು ಎಳೆದು ತುದಿಗೆ ಕಳಿಸುತ್ತದೆ. ಹಾಗಾಗಿ ಮೊದಲು ಬುಡದ ಎಲೆ ಹಳದಿಯಾಗುತ್ತದೆ. ಇಲ್ಲಿ ತಿರುಗುಮುರುಗು. ಟೊಮೆಟೊ, ಬದನೆ, ಕನಕಾಂಬರ ಮೂರರಲ್ಲೂ ಕೆಳಗಿನ ಎಲೆ ಹಸಿರು, ತುದಿಯ ಎಳೆ ಎಲೆ ಹಳದಿ. ಆ ಹಳದಿಯ ನಡುವೆ ನರಗಳು ಮಾತ್ರ ಹಸಿರು ಗೆರೆ ಎಳೆದ ಹಾಗೆ ಉಳಿದಿದ್ದವು. ಇದು ಕಬ್ಬಿಣದ ಕೊರತೆಯ ಗುರುತು. ಕಬ್ಬಿಣ ಒಂದು ಎಲೆಗೆ ಸೇರಿದ ಮೇಲೆ ಅಲ್ಲಿಂದ ಕದಲುವುದಿಲ್ಲ. ಹೊಸ ಎಲೆಗೆ ಹೊಸದಾಗಿಯೇ ಬೇರಿನಿಂದ ಬರಬೇಕು.

ಇನ್ನೊಂದು ಸುಳಿವು ಬೆಳೆಗಳಲ್ಲೇ ಇತ್ತು. ಬೀನ್ಸ್ ಪೂರ್ತಿ ಹೋಗಿತ್ತು. ಎಲೆಯ ಅಂಚು ಬೆಂಕಿ ತಾಗಿದ ಹಾಗೆ ಸುಟ್ಟು ಸತ್ತಿದ್ದವು. ಪಕ್ಕದ ಬ್ಯಾಗಿನ ಪಾಲಕ್ ಮಾತ್ರ ದಟ್ಟವಾಗಿ ಬೆಳೆದಿತ್ತು. ಅದೇ ಮಣ್ಣು, ಅದೇ ನೀರು, ಅದೇ ಬಿಸಿಲು. ಬೀನ್ಸ್ ಉಪ್ಪನ್ನು ಸ್ವಲ್ಪವೂ ತಡೆಯದ ಗಿಡ. ಪಾಲಕ್ ಬೀಟ್‌ರೂಟಿನ ಬಂಧು. ಉಪ್ಪನ್ನೂ ತಡೆಯುತ್ತದೆ, ಸುಣ್ಣದ ಮಣ್ಣನ್ನೂ ತಡೆಯುತ್ತದೆ. ರೋಗವೋ ಹುಳವೋ ಆಗಿದ್ದರೆ ಹೀಗೆ ಬೇರೆ ಬೇರೆ ಆಗುವುದು ಕಷ್ಟ.

ಏಪ್ರಿಲ್ ನಡುವೆ ಅಶ್ವಿನಿ ಮಳೆ ಎರಡು ಸಲ ಜೋರಾಗಿ ಬಂತು. ನಾಲ್ಕು ದಿನ ಬಿಟ್ಟು ಚಿಕ್ಕಮ್ಮ ಫೋನ್ ಮಾಡಿ, "ಗಿಡಕ್ಕೆ ಜೀವ ಬಂದಂಗಿದೆ, ನೋಡ್ಬಾಪ್ಪ" ಎಂದರು. ಹೋಗಿ ನೋಡಿದರೆ ನಿಜವಾಗಿಯೂ ಹೊಸ ಚಿಗುರು ಬಂದಿತ್ತು. ಬೋರ್ ನೀರು ಶುರುವಾದ ಎರಡು ವಾರಕ್ಕೆ ಆ ಚಿಗುರೂ ಹಳದಿಯಾಯಿತು. ಊಟ ಸಾಲದ ಗಿಡಕ್ಕೆ ಮಳೆ ಊಟ ತಂದು ಕೊಡುವುದಿಲ್ಲ. ಮಳೆ ಏನನ್ನೋ ತೊಳೆದು ತೆಗೆದಿತ್ತು.

ಅಳೆದು ನೋಡಿದ್ದು

ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಒಟ್ಟು ಉಪ್ಪಿನಂಶ ನೋಡುವ ಪುಟ್ಟ ಮೀಟರ್ ನನ್ನ ಹತ್ತಿರ ಇತ್ತು. ಕುಂಡದ ಮಣ್ಣನ್ನು ಅದರಲ್ಲಿ ಪರೀಕ್ಷಿಸುವುದು ಸುಲಭ. ಬ್ಯಾಗಿಗೆ ಚೆನ್ನಾಗಿ ನೀರು ಹಾಕಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಕಾಲು ಲೀಟರ್ ನೀರನ್ನು ಮೇಲಿಂದ ನಿಧಾನಕ್ಕೆ ಸುರಿದು, ತಳದ ತೂತಿನಿಂದ ಇಳಿಯುವುದನ್ನು ತಟ್ಟೆಯಲ್ಲಿ ಹಿಡಿಯಬೇಕು. ಆ ನೀರು ಬೇರಿನ ಸುತ್ತ ಇರುವ ನೀರೇ. ಮಳೆ ನೀರು 20 ಪಿಪಿಎಂ (ಲೀಟರಿಗೆ ಸುಮಾರು 20 ಮಿಲಿಗ್ರಾಂ) ತೋರಿಸಿತು. ಬೋರ್ ನೀರು 780. ಮಳೆಗೆ ನೆನೆಯದೆ ಸಜ್ಜಾ ಕೆಳಗಿದ್ದ ಬ್ಯಾಗಿನಿಂದ ಇಳಿದ ನೀರು 2,900. ನಾನು ಎರಡು ಸಲ ಅಳೆದೆ. ಅಷ್ಟು ಉಪ್ಪಿನಲ್ಲಿ ಬೀನ್ಸ್ ಬದುಕಿದ್ದರೇ ಆಶ್ಚರ್ಯ.

ಆಮೇಲೆ ನಿಂಬೆಹಣ್ಣಿನ ಪರೀಕ್ಷೆ. ಒಣಗಿದ ಮಣ್ಣನ್ನು ಜರಡಿ ಹಿಡಿದು, ಮೊಟ್ಟೆ ಚಿಪ್ಪಿನ ಚೂರುಗಳನ್ನೆಲ್ಲ ಆರಿಸಿ ತೆಗೆದು, ಒಂದು ಚಮಚದ ಮೇಲೆ ನಿಂಬೆರಸ ಹಿಂಡಿದೆ. ಸುಯ್ ಎಂದು ನೊರೆ ಬಂತು. ಹೊಲದ ಕೆಮ್ಮಣ್ಣಿನ ಮೇಲೆ ಹಿಂಡಿದರೆ ಏನೂ ಆಗಲಿಲ್ಲ. ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಕರಗದೆ ಕೂತಿದೆ ಎಂದರ್ಥ. ಒಂದೊಂದು ಸಾಮಾನನ್ನೂ ಹೀಗೇ ನೋಡಿದೆವು. ಬೂದಿಗೆ ನೊರೆ ಬರಬಹುದು ಎಂದುಕೊಂಡಿದ್ದೆ, ಬಂತು. ಹುಳದ ಕಸದ ಗೊಬ್ಬರಕ್ಕೂ ಬಂತು. ಅದನ್ನು ನಾನು ಎಣಿಸಿರಲಿಲ್ಲ.

ಮಾವನನ್ನು ಕೇಳಿದಾಗ ಗೊತ್ತಾಯಿತು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಹಾಸು ಒಣಗಿರಬೇಕು ಎಂದು ಸುಣ್ಣದ ಪುಡಿ ಉದುರಿಸುತ್ತಾರೆ. ಬೆಳೆ ಮುಗಿದ ಮೇಲೆ ಮನೆ ತೊಳೆಯಲು ಸುಣ್ಣ, ಬ್ಲೀಚಿಂಗ್ ಪೌಡರ್ ಬಳಸುತ್ತಾರೆ. ಗುಡಿಸಿದ್ದೆಲ್ಲ ತಿಪ್ಪೆಗೇ ಹೋಗುತ್ತದೆ. "ಸುಣ್ಣ ಹಾಕ್ದೆ ಹುಳು ಮಾಡಕ್ಕಾಗಲ್ಲಪ್ಪ, ರೋಗ ಬರುತ್ತೆ" ಎಂದರು ಮಾವ. ಅದು ನೂರಕ್ಕೆ ನೂರು ಸರಿ. ಹೊಲಕ್ಕೆ ಆ ಗೊಬ್ಬರ ಹಾಕಿದರೆ ಎಕರೆ ಮಣ್ಣಿನಲ್ಲಿ ಸುಣ್ಣ ಹಂಚಿಹೋಗುತ್ತದೆ. 15 ಲೀಟರ್ ಬ್ಯಾಗಿನಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ.

ಮಣ್ಣಿನ ಮಾದರಿಯನ್ನು ಚಿಂತಾಮಣಿ ಹತ್ತಿರ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೂ ಕೊಟ್ಟೆವು. ರಸಸಾರ (ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ) 8.4 ಎಂದು ಬಂತು. ತರಕಾರಿಗೆ 6ರಿಂದ 7ರ ಒಳಗೆ ಇದ್ದರೆ ಹಿತ. ಸುಣ್ಣ ಉಳಿದಿರುವ ಮಣ್ಣು ಸಾಮಾನ್ಯವಾಗಿ ಈ 8.4ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಾವಯವ ಇಂಗಾಲ ಬೇಕಾದಷ್ಟಿತ್ತು. ಅಂದರೆ ಊಟ ಬಡಿಸಿಯೇ ಇತ್ತು, ಗಿಡದ ಕೈಗೆ ಎಟುಕುತ್ತಿರಲಿಲ್ಲ. ನಮ್ಮ ಕೆಮ್ಮಣ್ಣಿನ ಬಣ್ಣವೇ ಕಬ್ಬಿಣದ್ದು. ಬ್ಯಾಗಿನಲ್ಲಿ ಕಬ್ಬಿಣಕ್ಕೆ ಕಡಿಮೆ ಏನಿರಲಿಲ್ಲ. ರಸಸಾರ ಏರಿದಾಗ ಅದು ನೀರಿನಲ್ಲಿ ಕರಗುವುದಿಲ್ಲ, ಬೇರು ಹೀರುವುದಕ್ಕೆ ಆಗುವುದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಚಿಕ್ಕ ಪ್ರಯೋಗ ಮಾಡಿದೆವು. ಒಂದು ಲೀಟರ್ ಮಳೆ ನೀರಿಗೆ 3 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ನಾಲ್ಕು ಹನಿ ನಿಂಬೆರಸ. ಹತ್ತಿಯಲ್ಲಿ ಅದ್ದಿ ಸಂಜೆ ಹೊತ್ತು ಬದನೆಯ ಹಳದಿ ಎಲೆಯ ಅರ್ಧಕ್ಕೆ ಮಾತ್ರ ಸವರಿದೆವು. ಐದನೇ ದಿನ ಆ ಅರ್ಧ ಹಸಿರು, ಇನ್ನರ್ಧ ಹಳದಿ. ಚಿಕ್ಕಮ್ಮ ಆ ಎಲೆಯನ್ನು ಪಕ್ಕದ ಮನೆಯವರಿಗೆಲ್ಲ ಕರೆದು ತೋರಿಸಿದರು. ಮಾಡುವವರಿಗೆ ಒಂದು ಮಾತು: ಅನ್ನಭೇದಿ ನೀರು ತಾರಸಿ ಮೇಲೆ ಬಿದ್ದರೆ ಕಂದು ಕಲೆ ಕೂರುತ್ತದೆ. ಕೆಳಗೆ ಹಳೆ ಗೋಣಿ ಹಾಸಿಕೊಳ್ಳಿ.

ಎರಡು ತಪ್ಪು, ಒಂದಲ್ಲ

ಇಲ್ಲಿಗೆ ಚಿತ್ರ ಹೀಗೆ ಕಂಡಿತು. ಬೂದಿ ರಸಸಾರ ಏರಿಸುತ್ತದೆ. ಕಸದ ಸುಣ್ಣ ಏರಿಸುತ್ತದೆ. ಬೋರ್ ನೀರಿನ ಗಡಸುತನವೂ ದಿನ ದಿನ ಏರಿಸುತ್ತದೆ. ಮೊಟ್ಟೆ ಚಿಪ್ಪು ನಿಧಾನ, ಆದರೆ ಅದೂ ಅದೇ ದಿಕ್ಕು. ಉಪ್ಪಿನ ಕಡೆ ನೋಡಿದರೆ ತೊಳೆಯದ ಕೊಕೊಪೀಟ್, ಬೂದಿ, ಗೊಬ್ಬರ, ಬ್ಲೀಚಿಂಗ್ ಪೌಡರಿನ ಉಳಿಕೆ, ಮತ್ತೆ ಬೋರ್ ನೀರು. ಒಂದೊಂದನ್ನೂ ಬೇರೆಯಾಗಿ ನೋಡಿದಾಗ "ಇದು ಮಣ್ಣಿಗೆ ಒಳ್ಳೆಯದು" ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ಎಲ್ಲವೂ ಒಂದೇ ಕಡೆಗೆ ತಳ್ಳುತ್ತಿವೆ ಎನ್ನುವುದು ಒಟ್ಟಿಗೆ ಬರೆದು ನೋಡಿದಾಗಲೇ ಕಂಡದ್ದು. ಸಾವಯವ ಮಣ್ಣು ಕಲಸುವ ನಮ್ಮಂಥವರು ಎಡವುವುದು ಇಲ್ಲೇ ಎಂದು ನನಗೆ ಅನಿಸುತ್ತದೆ.

ಉಪ್ಪು ಮತ್ತು ಸುಣ್ಣ ಎರಡಕ್ಕೂ ಮದ್ದು ಒಂದೇ ಇರಬಹುದೇ? ನೋಡಲು ಮೇ ತಿಂಗಳಲ್ಲಿ ಎಂಟು ಕುಂಡ ಇಟ್ಟೆವು. ನಾಲ್ಕು ಬಗೆಯ ಮಣ್ಣು, ಪ್ರತಿ ಬಗೆಗೆ ಎರಡು ಕುಂಡ, ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಹಿಡಿದಿಟ್ಟ ಮಳೆ ನೀರು. ಕುಂಡಕ್ಕೆ ಆರು ಬೀನ್ಸ್ ಬೀಜ. ಉಪ್ಪು ಬೇಗ ತಾಗುವ ಗಿಡ ಎಂದೇ ಬೀನ್ಸ್ ಆರಿಸಿದ್ದು.

ಹಳೆ ಮಣ್ಣು ಹಾಗೇ ಹಾಕಿದ ಕಡೆ 12 ಬೀಜದಲ್ಲಿ 4 ಮಾತ್ರ ಮೊಳೆತವು. ಎರಡನೇ ಬಗೆ, ಹಳೆ ಮಣ್ಣನ್ನೇ ತೊಳೆದದ್ದು. ಒಂದು ಬ್ಯಾಗ್ ಮಣ್ಣಿನ ಮೇಲೆ 30 ಲೀಟರ್ ಮಳೆ ನೀರನ್ನು ನಿಧಾನಕ್ಕೆ ಬಿಟ್ಟು ಪೂರ್ತಿ ಇಳಿಸಿದ್ದೆವು. ಟಿಡಿಎಸ್ 600ಕ್ಕೆ ಇಳಿದಿತ್ತು. ಇಲ್ಲಿ 11 ಮೊಳೆತು ಚೆನ್ನಾಗಿ ಎದ್ದವು. ಕೆಲಸ ಮುಗಿಯಿತು ಎಂದು ನಮಗೆಲ್ಲ ಖುಷಿ. ಮೂರನೇ ವಾರಕ್ಕೆ ತುದಿ ಎಲೆ ಹಳದಿ. ಬೋರ್ ನೀರಿನ ಕುಂಡದಲ್ಲಿ ಬೇಗ, ಮಳೆ ನೀರಿನದರಲ್ಲಿ ನಾಲ್ಕೈದು ದಿನ ತಡ. ತೊಳೆದ ಮಣ್ಣಿನ ರಸಸಾರ 8.3. ಉಪ್ಪು ನೀರಿನ ಜೊತೆ ಇಳಿದು ಹೋಗಿತ್ತು. ಸುಣ್ಣ ಅಲ್ಲೇ ಇತ್ತು. ಸುಣ್ಣ ನೀರಿನಲ್ಲಿ ಅಷ್ಟು ಸುಲಭಕ್ಕೆ ಕರಗುವ ವಸ್ತುವಲ್ಲ.

ಮೂರನೇ ಬಗೆ, ಹಳೆ ಮಣ್ಣಿಗೆ ಸುಣ್ಣ, ಬೂದಿ ಇಲ್ಲದೆ ಕಲಸಿದ ಹೊಸ ಮಣ್ಣನ್ನು ಅರ್ಧರ್ಧ ಬೆರೆಸಿದ್ದು, ನಡುವೆ ನಿಂತಿತು. ಹಳದಿ ತುಸು ಮಸುಕಾಗಿ ಬಂತು. ಪೂರ್ತಿ ಹೊಸ ಮಣ್ಣಿನಲ್ಲಿ 11 ಮೊಳೆತು, ಆರು ವಾರವೂ ಹಸಿರಾಗಿದ್ದವು.

ಗಂಧಕ ಹಾಕಿ ರಸಸಾರ ಇಳಿಸಬಹುದಲ್ಲ ಎಂದು ಕೇಳಬಹುದು. ನಾವೂ ಯೋಚಿಸಿದೆವು. 100 ಗ್ರಾಂ ಸುಣ್ಣಕಲ್ಲನ್ನು ಮುಗಿಸಲು ಸುಮಾರು 32 ಗ್ರಾಂ ಗಂಧಕ ಬೇಕು. ಒಂದು ಬ್ಯಾಗಿನಲ್ಲಿ 300 ಗ್ರಾಂ ಇದ್ದರೂ 100 ಗ್ರಾಂ ಗಂಧಕ ಆಯಿತು. ಅದನ್ನು ಆಮ್ಲ ಮಾಡಬೇಕಾದದ್ದು ಮಣ್ಣಿನ ಸೂಕ್ಷ್ಮಜೀವಿಗಳು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಕೊನೆಗೆ ಉಳಿಯುವುದು ಜಿಪ್ಸಂ, ಅದೂ ಒಂದು ಉಪ್ಪೇ. ಕುಂಡದೊಳಗೆ ಇಷ್ಟು ರಂಪ ಬೇಡ ಎಂದು ನಿರ್ಧರಿಸಿದೆವು. ಸುಣ್ಣ ಹೊರಗಿಟ್ಟು ಹೊಸದಾಗಿ ಕಲಸುವುದೇ ಸರಿ.

ಹೊಸ ಮಣ್ಣು

ಮಾವ ತುಂಬ ಸಹಾಯ ಮಾಡಿದರು. ನಾಲ್ಕನೇ ಜ್ವರ ಎದ್ದ ಮೇಲೆ ಬಲೆ ಹಾಕಿ ಹಾಸು ಬದಲಿಸುತ್ತಾರೆ. ಆಮೇಲೆ ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ತನಕ ಇನ್ನು ಜ್ವರವಿಲ್ಲ, ಸುಣ್ಣ ಉದುರಿಸುವ ಕೆಲಸವೂ ಇಲ್ಲ. ಹುಳು ಅತಿ ಹೆಚ್ಚು ಸೊಪ್ಪು ತಿನ್ನುವುದೂ ಈ ದಿನಗಳಲ್ಲೇ. ಹಾಗಾಗಿ ಕಸವೂ ಇಲ್ಲೇ ಜಾಸ್ತಿ. ಸೋಂಕು ನಿವಾರಕ ಪುಡಿ ಹಾಕಿದ ಭಾಗವನ್ನು ಬಿಟ್ಟು ಉಳಿದದ್ದನ್ನು ಬೇರೆ ಗುಡ್ಡೆ ಮಾಡಿಸಿದರು. ರೋಗ ಬಂದ ಬೆಳೆಯ ಕಸವನ್ನು ಮುಟ್ಟಲಿಲ್ಲ. ಹೊಂಗೆ ಮತ್ತು ಮಾವಿನ ಒಣ ಎಲೆ ಪದರ ಪದರವಾಗಿ ಸೇರಿಸಿ, ಹತ್ತು ದಿನಕ್ಕೊಮ್ಮೆ ತಿರುವಿ, ಮೂರು ತಿಂಗಳು ಬಿಟ್ಟೆವು. ಆರಂಭದಲ್ಲಿ ಗುಡ್ಡೆಯೊಳಗೆ ಕೈ ಇಡಲಾರದಷ್ಟು ಬಿಸಿ ಇತ್ತು. ಕೊನೆಗೆ ತಣ್ಣಗಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂತು. ಮೇ ತಿಂಗಳ ಪ್ರಯೋಗಕ್ಕೆ ಬೇಕಾದ ಸ್ವಲ್ಪವನ್ನು ಮಾವನ ಹಳೆ ಎಲೆಗೊಬ್ಬರದಿಂದ ಮಾಡಿಕೊಂಡಿದ್ದೆವು. 36 ಬ್ಯಾಗಿಗೆ ಆಗುವಷ್ಟು ಸಿದ್ಧವಾದದ್ದು ಜುಲೈ ಕೊನೆಗೆ.

ಕೊಕೊಪೀಟನ್ನು ಈ ಸಲ ತೊಳೆದೆವು. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಷಿಯಂ, ಕ್ಲೋರೈಡ್ ಇರುತ್ತವೆ. ಇಟ್ಟಿಗೆ ಉಬ್ಬಿದರೆ ಸಾಲದು, ನೆನೆಸಿ, ಹಿಂಡಿ, ನೀರು ಚೆಲ್ಲಬೇಕು. ಮೊದಲ ಸಲ ಇಳಿದ ನೀರು ಚಹಾ ಬಣ್ಣ, ಟಿಡಿಎಸ್ 1,600. ಮೂರನೇ ಸಲಕ್ಕೆ 300. ಆ ಮೊದಲ ನೀರು ತೆಂಗಿನ ಬುಡಕ್ಕೆ ಹೋಯಿತು.

ಕೊನೆಗೆ ನಿಂತ ಅಳತೆ ಇದು: ಕೆಮ್ಮಣ್ಣು 2 ಬಾಂಡ್ಲಿ, ಹೊಸ ಗೊಬ್ಬರ 2, ತೊಳೆದ ಕೊಕೊಪೀಟ್ 2, ಇಟ್ಟಿಗೆ ಚೂರು ಮತ್ತು ದಪ್ಪ ಮರಳು ಸೇರಿ 1, ಭತ್ತದ ಹೊಟ್ಟು ಅರ್ಧ. ಬ್ಯಾಗಿಗೆ ಒಂದು ಹಿಡಿ ಹೊಂಗೆ ಹಿಂಡಿ. ಬೂದಿ ಇಲ್ಲ, ಮೊಟ್ಟೆ ಚಿಪ್ಪು ಇಲ್ಲ. ಬೂದಿ ಬಿಟ್ಟರೆ ಪೊಟ್ಯಾಷ್ ಎಲ್ಲಿಂದ ಎಂದರೆ, ಕೊಕೊಪೀಟಿನಲ್ಲೂ ಗೊಬ್ಬರದಲ್ಲೂ ಇದೆ. ಕ್ಯಾಲ್ಸಿಯಂ ಬೋರ್ ನೀರಿನಲ್ಲೇ ಬರುತ್ತಿದೆ. ಇಟ್ಟಿಗೆ ಚೂರು ಹಾಕಿದ್ದು ಗಾಳಿಗೆ. ನಮ್ಮ ಕೆಮ್ಮಣ್ಣು ಕುಂಡದಲ್ಲಿ ಒಣಗಿದರೆ ಗಟ್ಟಿ ಕಟ್ಟುತ್ತದೆ, ನೀರು ಅಂಚಿನಿಂದ ಜಾರಿ ಹೋಗುತ್ತದೆ. ಆ ಚೂರು ಮಣ್ಣಿನ ಜೊತೆ ಬೆರೆತಿರಬೇಕು. ಜಲ್ಲಿಯನ್ನು ತಳದಲ್ಲಿ ಪದರವಾಗಿ ಹಾಕುವುದರಿಂದ ನೀರು ಬೇಗ ಬಸಿಯುವುದಿಲ್ಲ. ಬಸಿಯದ ನೀರು ಆ ಪದರದ ಮೇಲೆಯೇ ನಿಲ್ಲುತ್ತದೆ, ಬೇರಿಗೆ ಇನ್ನೂ ಹತ್ತಿರ.

ಕಲಸಿದ ಮಣ್ಣನ್ನು ಒದ್ದೆ ಗೋಣಿಚೀಲ ಹೊದಿಸಿ ಮೂರು ವಾರ ಬಿಟ್ಟೆವು. ಹಿಂಡಿ ಕೊಳೆಯುವಾಗ ಬಿಸಿಯಾಗುತ್ತದೆ, ಅದರಲ್ಲೇ ಬೀಜ ಹಾಕಬಾರದು. ರಸಸಾರ 7.1 ಬಂತು. ಇಳಿದ ನೀರಿನ ಟಿಡಿಎಸ್ 900.

ಹಳೆ ಮಣ್ಣು ಸುಮಾರು 500 ಲೀಟರ್ ಇತ್ತು. ಎಸೆಯುವ ಮಾತು ಬಂದಾಗ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ಎಸೆಯಬೇಕಾಗಿಯೂ ಇರಲಿಲ್ಲ. ಆರು ಬ್ಯಾಗಿನಷ್ಟನ್ನು ಮಳೆಗೆ ತೊಳೆಯಲು ಬಿಟ್ಟು, ಪಾಲಕ್ ಮತ್ತು ಬೀಟ್‌ರೂಟಿಗೆ ಇಟ್ಟುಕೊಂಡರು. ಉಳಿದದ್ದು ಮಾವನ ಮಾವಿನ ತೋಪಿಗೆ ತೆಳ್ಳಗೆ ಹರಡಿತು.

ಈಗ ಹೇಗಿದೆ

ದಸರಾ ಮತ್ತೆ ಬಂದಿದೆ. ಟೊಮೆಟೊ, ಬದನೆ, ಮೆಣಸಿನ ಗಿಡ ತುದಿಯವರೆಗೆ ಹಸಿರಾಗಿವೆ. ಬೀನ್ಸ್ ಎರಡು ಸಲ ಕೊಯ್ದರು. ಮನೆಗೆ ಯಾವ ಗೊಬ್ಬರ ಬಂದರೂ ಚಿಕ್ಕಮ್ಮ ಮೊದಲು ಒಂದು ಹೋಳು ನಿಂಬೆಹಣ್ಣು ತರುತ್ತಾರೆ.

ಪೂರ್ತಿ ಬಗೆಹರಿಯದ್ದು ನೀರು. ಮೆಟ್ಟಿಲ ಮನೆಯ ಮೇಲೆ ಸುಮಾರು 100 ಚದರ ಅಡಿ ಶೀಟು ಇದೆ. ಅದರ ಕೆಳಗೆ ಡ್ರಮ್ ಇಟ್ಟಿದ್ದೇವೆ. 10 ಮಿಲಿಮೀಟರ್ ಮಳೆ ಬಂದರೆ ಹತ್ತಿರ ಹತ್ತಿರ 90 ಲೀಟರ್ ಸಿಗುತ್ತದೆ. ಮಳೆಗಾಲಕ್ಕೆ ಪರವಾಗಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೋರ್ ನೀರೇ ಗತಿ, ಗಡಸುತನ ಮತ್ತೆ ಮಣ್ಣಿನಲ್ಲಿ ಕೂರುತ್ತದೆ. ಅದಕ್ಕೇ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತಳದಿಂದ ನೀರು ಧಾರಾಳ ಇಳಿಯುವ ಹಾಗೆ ಹಾಕಿ, ಇಳಿದದ್ದನ್ನು ಅಳೆಯಬೇಕು ಎಂದುಕೊಂಡಿದ್ದೇವೆ. 1,500 ದಾಟಿದರೆ ಡ್ರಮ್ಮಿನ ನೀರಿನಲ್ಲಿ ತೊಳೆಯುವುದು. ಎಲ್ಲಕ್ಕಿಂತ ನಾಜೂಕು ಕನಕಾಂಬರ. ಬೋರ್ ನೀರು ಬಿದ್ದ ಎರಡೇ ವಾರಕ್ಕೆ ಅದರ ಚಿಗುರು ಬಿಳಿಚಿಕೊಳ್ಳುತ್ತದೆ. ಹಾಗಾಗಿ ಆ ನಾಲ್ಕು ಬ್ಯಾಗುಗಳನ್ನು ಡ್ರಮ್ಮಿನ ಪಕ್ಕಕ್ಕೇ ಎತ್ತಿಟ್ಟಿದ್ದಾರೆ. ಮಳೆ ನೀರು ಎಷ್ಟೇ ಕಡಿಮೆ ಉಳಿದಿರಲಿ, ಮೊದಲ ಚೊಂಬು ಅವಕ್ಕೆ.